120 ತಾಸಿನ ಕೆಲಸ ಹುಡುಕಿದ್ದು

ವಾಚನಾಲಯದ ಹುಡುಗರು ಮನೆಗೆ ಬಂದು, "ಮುತ್ಯಾ, ಈ ಸಲದ ಪುಸ್ತಕಕ್ಕ ನೀವೂ ಒಂದು ಲೇಖನ ಕೊಡ್ರಿ, ಗೀಗೀ ಮೇಳದ ಬಗ್ಗೆ ಬರೀರಿ" ಅಂದರು. ಹಾಡಿನ ಬಗ್ಗೆ ಬರೆಯೂದಕ್ಕಿಂತ ಹಾಡೂದು ನನಗೆ ಸರಳ. ನಾನು ಕಲಿತದ್ದು ಏಳನೇ ಇಯತ್ತೆ. ಆದರೆ ಹೋದ ಬ್ಯಾಸಗಿಯಲ್ಲಿ ನಮ್ಮ ಮನೆಯಲ್ಲಿ ಒಂದು ಪ್ರಸಂಗ ನಡೆಯಿತು. ಈ ಭಾಗದಿಂದ ಕಾಲೇಜಿಗೆ ಹೋಗುವ ಎಲ್ಲ ಮಕ್ಕಳಿಗೂ ಇನ್ನು ಮುಂದೆ ಅದು ಬರುವಂಥದ್ದೇ. ಅದರಾಗ ನನ್ನದೂ ಒಂದು ತಪ್ಪು ಐತಿ. ಹಾಡಿನದು ಇನ್ನೊಮ್ಮೆ ಬರೆದೇನು, ಈಗ ಇದನ್ನು ಬರೆಯುತ್ತೇನೆ.

ಸಂಕ್ರಮಣದ ಸೂಟಿಗೆ ಮೊಮ್ಮಗಳು ಸಾಂಗ್ಲಿಯಿಂದ ಬಂದಿದ್ದಳು. ಹಿರಿ ಮಗನ ಮಗಳು. ಹತ್ತನೇ ತನಕ ನಮ್ಮ ಜತ್ತ ತಾಲೂಕಿನ ಕನ್ನಡ ಸಾಲಿಯಲ್ಲೇ ಕಲಿತಾಕಿ. ಈಗ ಸಾಂಗ್ಲಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ, ಹಾಸ್ಟೆಲಿನಲ್ಲಿ ಇರುತ್ತಾಳೆ. ಭೋಗಿ ದಿನ ಸಜ್ಜಿ ರೊಟ್ಟಿ ಉಣ್ಣುತ್ತ ಕೂತಾಗ, "ಮುತ್ಯಾ, ಈ ಬ್ಯಾಸಗಿ ಸೂಟಿಗೆ ನಾ ಊರಿಗೆ ಬರೂದು ಆಗೂದಿಲ್ಲ. ಇಂಟರ್ನ್‌ಶಿಪ್ ಮಾಡಬೇಕು" ಅಂದಳು.

"ಹಂಗಂದ್ರ ಏನವಾ?"

"ಕೆಲಸ ಮಾಡೂ ಜಾಗಾಕ್ಕ ಹೋಗಿ ಕೆಲಸ ಕಲಿಯೂದು. ಕಾಲೇಜಿನವರು ಮಾಡಲೇಬೇಕಂದಾರ. ಅದಕ್ಕ ಮಾರ್ಕ್ಸ್ ಐತಿ."

ಆಮೇಲೆ ಅವಳು ಬಿಡಿಸಿ ಹೇಳಿದಳು. ಯು.ಜಿ.ಸಿ.ಯ ಹೊಸ ನಿಯಮದಲ್ಲಿ ಪದವಿಯ ಮಕ್ಕಳು ನಾಲ್ಕನೇ ಸೆಮಿಸ್ಟರ್ ಮುಗಿದ ಮೇಲೆ 60ರಿಂದ 120 ತಾಸು ಹೊರಗೆ ಎಲ್ಲಿಯಾದರೂ ಕೆಲಸ ಕಲಿತು ಬರಬೇಕು. 30 ತಾಸಿಗೆ 1 ಕ್ರೆಡಿಟ್. ಅವಳ ಕಾಲೇಜಿನಲ್ಲಿ 4 ಕ್ರೆಡಿಟ್ ಇಟ್ಟಿದ್ದಾರೆ, ಅಂದರೆ 120 ತಾಸು. ನಾನು ಬೆರಳ ಮೇಲೆ ಎಣಿಸಿದೆ. ದಿನಕ್ಕೆ ಎಂಟು ತಾಸಿನಂತೆ ಹದಿನೈದು ದಿನ.

ನನಗೆ ನಗು ಬಂತು. "ಇಷ್ಟಕ್ಕ ಯಾಕ ಇಷ್ಟು ಚಿಂತಿ? ಹದಿನೈದು ದಿವಸ ನಮ್ಮ ದ್ರಾಕ್ಷಿ ತ್ವಾಟದಾಗ ಕೆಲಸ ಮಾಡು, ನಾನ ಸಹಿ ಹಾಕಿ ಕೊಡ್ತೀನಿ" ಅಂದೆ. ಅವಳೂ ನಕ್ಕಳು. "ನಿನ್ನ ಹತ್ರ ಶಿಕ್ಕಾ ಎಲ್ಲೈತಿ ಮುತ್ಯಾ? ಸಂಸ್ಥೆಯ ಹೆಸರು, ಶಿಕ್ಕಾ, ಎಷ್ಟು ತಾಸು, ಏನು ಕಲಿತೆ ಅಂತ ಬರೆದ ಪತ್ರ ಬೇಕು" ಅಂದಳು. ಅಲ್ಲಿಗೆ ನಗೂದು ಮುಗಿಯಿತು.

ಜನವರಿ ಕೊನೆಯಿಂದ ಹುಡುಕಲು ಹತ್ತಿದಳು. ನಮ್ಮ ಮನೆಯಲ್ಲಿ ಯಾರಿಗೂ ಅದರ ದಾರಿ ಗೊತ್ತಿಲ್ಲ. ಸಾಂಗ್ಲಿ, ಮಿರಜ, ಕೊಲ್ಹಾಪುರ, ಪುಣೆಯ ಕಂಪನಿಗಳಿಗೆ ಮೊಬೈಲಿನಲ್ಲೇ ಪತ್ರ ಕಳಿಸಿದಳು, ಇಂಗ್ಲಿಷಿನಲ್ಲಿ. ಮೂವತ್ತೆರಡು ಪತ್ರ. ಒಂದು ವಹಿಯಲ್ಲಿ ಎಲ್ಲದರ ಹೆಸರು, ತಾರೀಖು ಬರೆದಿಟ್ಟಿದ್ದಳು, ಅದಕ್ಕೆ ನನಗೆ ಲೆಕ್ಕ ಗೊತ್ತು. ಉತ್ತರ ಬಂದದ್ದು ನಾಲ್ಕು. ಎರಡರಲ್ಲಿ ಕೊನೇ ವರ್ಷದವರನ್ನು ಮಾತ್ರ ತಗೊಳ್ಳುತ್ತೇವೆ ಅಂತ ಇತ್ತು. ಒಂದರಲ್ಲಿ ಇಂಜಿನಿಯರಿಂಗ್‌ನವರು ಬೇಕು ಅಂತ. ನಾಲ್ಕನೆಯವರು ಫೋನ್ ಮಾಡಿದರು. ಆ ಫೋನಿನ ಸುದ್ದಿ ಅವಳು ನನಗೆ ತಡವಾಗಿ ಹೇಳಿದಳು. ಆ ಕಡೆಯವರು ಇಂಗ್ಲಿಷಿನಲ್ಲಿ ಸರಸರ ಮಾತಾಡಿದರಂತೆ. ಇವಳು ಮರಾಠಿಗೆ ತಿರುಗಿದಳು. ಅದರಲ್ಲಿಯೂ ಅಂಜಿಕೆಗೆ ಮಾತು ತಡವರಿಸಿತು. ಆ ಕಡೆಯವರು "ಆಮೇಲೆ ತಿಳಿಸುತ್ತೇವೆ" ಅಂದು ಇಟ್ಟರು.

ನಮ್ಮ ಮಕ್ಕಳ ಸಂಕಟ ಇದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಕಾಲೇಜಿನ ಪುಸ್ತಕದಲ್ಲಿ ಇಂಗ್ಲಿಷು. ಮೂರೂ ಬರುತ್ತವೆ, ಆದರೆ ಗುರುತಿಲ್ಲದವರ ಮುಂದೆ ನಿಂತಾಗ ಮೂರೂ ಒಮ್ಮೆಲೇ ಗಂಟಲಲ್ಲಿ ಸಿಗಬೀಳುತ್ತವೆ. ಸಾಲಿ ಮಾಸ್ತರರು ಇದನ್ನು ಓದುತ್ತೀರಿ ಅಂತ ಬರೆಯುತ್ತಿದ್ದೇನೆ. ಪದ್ಯ ಬಾಯಿಪಾಠ ಮಾಡಿಸಿದ ಹಾಗೆ, ಹೊಸಬರ ಮುಂದೆ ನಿಂತು "ನಾನು ಇಂಥಾಕಿ, ನನಗ ಇಷ್ಟು ಬರತೈತಿ, ನನಗ ಇದು ಕಲಿಯೂದೈತಿ" ಅಂತ ಹೇಳೂದನ್ನು ಹುಡುಗರಿಗೆ ರೂಢಿ ಮಾಡಿಸ್ರಿ. ಮೂರು ಮಾತು ಸಾಕು.

ಸರಕಾರದ ಯೋಜನೆ ಇವೆಯಲ್ಲ ಅಂತ ಊರಲ್ಲಿ ಕೆಲವರು ಹೇಳಿದರು. ನಮ್ಮ ಮಾಸ್ತರರೊಬ್ಬರನ್ನು ಕೂಡಿಸಿಕೊಂಡು ಮೊಬೈಲಿನಲ್ಲಿ ನೋಡಿದೆವು. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರಲ್ಲಿ ಸುರುವಾಗಿದೆ. ಆಗ 12 ತಿಂಗಳದ್ದು, ತಿಂಗಳಿಗೆ 5,000 ರೂಪಾಯಿ ಅಂತ ಇಟ್ಟಿದ್ದರು. ಆದರೆ ಅದು ಸುರುವಾದಾಗ 21ರಿಂದ 24 ವಯಸ್ಸಿನವರಿಗೆ, ಪೂರ್ಣ ವೇಳೆ ಕಾಲೇಜು ಕಲಿಯುವವರಿಗೆ ಇಲ್ಲ ಅಂತ ನಿಯಮ. ನಮ್ಮ ರಾಜ್ಯದ ಮುಖ್ಯಮಂತ್ರಿ ಯುವಾ ಕಾರ್ಯ ಪ್ರಶಿಕ್ಷಣ ಯೋಜನೆಯೂ ಕಲಿಕೆ ಮುಗಿಸಿದವರಿಗೇ. ಎರಡನೇ ವರ್ಷದ ಹುಡುಗಿ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಎ.ಐ.ಸಿ.ಟಿ.ಇ.ಯದೊಂದು ಇಂಟರ್ನ್‌ಶಿಪ್ ಪೋರ್ಟಲ್ ಐತಿ, ಅದರಲ್ಲಿ ಹೆಸರು ಹಚ್ಚಲು ರೊಕ್ಕ ಕೊಡಬೇಕಾಗಿಲ್ಲ. ಅಲ್ಲಿ ಹೆಸರು ಹಚ್ಚಿದಳು. ಇವಳಿಗೆ ಹೊಂದುವಂಥವು ಹೆಚ್ಚಿನವು ದೂರದ ಶಹರದವು. ಹದಿನೈದು ದಿನದ ಕೆಲಸಕ್ಕೆ ಪುಣೆಯಲ್ಲಿ ಖೋಲಿ ಹಿಡಿದು ಇರುವ ಶಕ್ತಿ ನಮಗಿಲ್ಲ.

ಫೆಬ್ರುವರಿ ಕೊನೆಗೆ ಒಬ್ಬ ಫೋನಿನಲ್ಲಿ ಸಿಕ್ಕ. "4,500 ರೂಪಾಯಿ ನೋಂದಣಿ ಫೀ ತುಂಬಿರಿ, ದೊಡ್ಡ ಕಂಪನಿಯಲ್ಲಿ ಜಾಗಾ ಕೊಡಿಸುತ್ತೇನೆ" ಅಂದ. ಕೆಲಸ ಕಲಿಯಲು ಹೋಗುವವರ ಕಡೆಯಿಂದ ಮೊದಲೇ ರೊಕ್ಕ ಯಾಕೆ ಅಂತ ಮೊಮ್ಮಗಳು ಕೇಳಿದಳು. ಮರುದಿನದಿಂದ ಅವನ ಫೋನ್ ಹತ್ತಲಿಲ್ಲ. ಅದೊಂದು ಪಾರಾದೆವು.

ಇನ್ನೊಂದರಲ್ಲಿ ಎಡವಿದವನು ನಾನು. ಅವಳ ಗೆಳತಿಯರು ಮೂವರು ಒಂದು ಕಂಪ್ಯೂಟರ್ ಅಂಗಡಿಯಲ್ಲಿ 1,500 ರೂಪಾಯಿ ಕೊಟ್ಟು 120 ತಾಸಿನ ಪತ್ರ ಮಾಡಿಸಿಕೊಂಡಿದ್ದರು. ಶಿಕ್ಕಾ, ಸಹಿ ಎಲ್ಲ ಇತ್ತಂತೆ. ಒಂದು ದಿನವೂ ಹೋಗೂದು ಬೇಡ. ಇದನ್ನು ಕೇಳಿ ನನಗೆ ಹಗುರಾಯಿತು. ಸುಳ್ಳ ಯಾಕ ಹೇಳಲಿ, ಹುಡುಗಿ ಮುಖ ಸಣ್ಣದು ಮಾಡಿಕೊಂಡು ತಿರುಗೂದು ನೋಡಲು ಆಗುತ್ತಿರಲಿಲ್ಲ. ಜೋಳ ಮಾರಿದ ರೊಕ್ಕದಲ್ಲಿ 1,500 ಎಣಿಸಿ ಅವಳ ಕೈಯಲ್ಲಿ ಇಟ್ಟೆ. "ಎಲ್ಲಾರೂ ಮಾಡ್ತಾರ, ನೀನೂ ಮಾಡು. ಸೂಟ್ಯಾಗ ಮನಿಗೆ ಬಾ" ಅಂದೆ.

ಅವಳು ರೊಕ್ಕ ತಗೊಂಡಳು. ಸ್ವಲ್ಪ ಹೊತ್ತು ಸುಮ್ಮನೆ ಕೂತು ಮಾಡದಲ್ಲಿ ಇಟ್ಟಳು. "ಮುಂದ ಯಾರರೆ ಎದುರಿಗೆ ಕುಂದರಿಸಿಕೊಂಡು, ಆ 120 ತಾಸಿನಾಗ ಏನು ಮಾಡಿದಿ ಅಂತ ಕೇಳಿದ್ರ ನಾ ಏನು ಹೇಳ್ಲಿ ಮುತ್ಯಾ? ನೀ ಬಂದು ಹೇಳ್ತೀಯೇನು?" ಅಂದಳು.

ನನಗೆ ಉತ್ತರ ಬರಲಿಲ್ಲ. ನಲವತ್ತು ವರ್ಷ ಹರದೇಶಿ-ನಾಗೇಶಿ ಹಾಡಿದವನು ನಾನು. ಗುಡ್ಡಾಪುರ ದಾನಮ್ಮನ ಜಾತ್ರೆಯಿಂದ ಹಿಡಿದು ವಿಜಯಪುರದ ಕಡೆಯ ಹಳ್ಳಿಗಳ ತನಕ ರಾತ್ರಿಯೆಲ್ಲ ನಿಂತು ಹಾಡಿದ್ದೇನೆ. ಎದುರಿನ ಮೇಳದವರು ಸವಾಲು ಹಾಕಿದಾಗ ನಡು ಕಟ್ಟಿ ನಿಂತು ಜವಾಬು ಕೊಡಬೇಕು. ಅಲ್ಲಿ ಯಾವ ಕಾಗದವೂ ನೆರವಿಗೆ ಬರೂದಿಲ್ಲ. ಹೊಟ್ಟೆಯೊಳಗೆ ಇದ್ದರೆ ಬಾಯಿಗೆ ಬರುತ್ತದೆ. ಇದು ಗೊತ್ತಿದ್ದವನೇ ಮೊಮ್ಮಗಳಿಗೆ ಕಾಗದ ಕೊಳ್ಳಲು ರೊಕ್ಕ ಕೊಟ್ಟಿದ್ದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಮೊದಲ ಕೆಲಸದ ನೆನಪು ಬಂತು. 1972ರ ಬರ. ಆಗ ನನಗೆ ಹದಿಮೂರು, ಏಳನೇ ಇಯತ್ತೆ ಮುಗಿದಿತ್ತು. ಎಂಟನೆಯದಕ್ಕೆ ಹೋಗಲಿಲ್ಲ, ಖಡಿ ಒಡೆಯಲು ಹೋದೆ. ಆ ಬರದ ವರ್ಷ ಮಹಾರಾಷ್ಟ್ರದ ತುಂಬ ರಸ್ತೆ, ಕೆರೆ, ಖಡಿಯ ಕೆಲಸ ತೆಗೆದಿದ್ದರು. ತಿನ್ನಲು ಸುಕಡಿ ಕೊಡುತ್ತಿದ್ದರು. ರೇಷನ್ನಿನಲ್ಲಿ ಕೆಂಪು ಮಿಲೋ ಜೋಳ. ಆ ಕೆಲಸ ಹುಡುಕಬೇಕಾಗಿರಲಿಲ್ಲ, ಹಸಿವೆ ಕೈ ಹಿಡಿದು ಕರಕೊಂಡು ಹೋಗಿತ್ತು. ಅಲ್ಲಿ ನಾನು ಕಲಿತದ್ದು ಒಂದೇ, ಕಲ್ಲಿನ ಯಾವ ಮಗ್ಗಲಿಗೆ ಹೊಡೆದರೆ ಅದು ಒಡೆಯುತ್ತದೆ ಅನ್ನೂದು.

ನಾನು ನಾನಾಗಿ ಹುಡುಕಿಕೊಂಡು ಹೋದ ಕೆಲಸ ಅಂದರೆ ಹಾಡಿನದು. ಅದರ ಮುಂದಿನ ಎರಡು ವರ್ಷಕ್ಕೆ. ಮೇಳದ ಹಿರಿಯರ ಮನೆ ಬಾಗಿಲಿಗೆ ಮೂರು ಸಂಜೆ ಹೋಗಿ, ಕೇಳಲು ಬಾಯಿ ಬಾರದೆ ತಿರುಗಿ ಬಂದೆ. ನಮ್ಮ ಅವ್ವ ಬೈದಳು, "ಕೂಸು ಅಳದಿದ್ರ ತಾಯಿನೂ ಹಾಲು ಕುಡಸೂದಿಲ್ಲ, ಹೋಗಿ ಬಾಯಿ ಬಿಟ್ಟು ಕೇಳು." ನಾಲ್ಕನೇ ಸಂಜೆ ಕೇಳಿದೆ. "ಏನು ಬರತೈತಿ?" ಅಂದರು. "ಏನೂ ಬರೂದಿಲ್ರಿ" ಅಂದೆ. "ಬೆಂಕಿ ಹಚ್ಚಲಿಕ್ಕರೆ ಬರತೈತೇನು?" ಅಂದರು. ಅವತ್ತಿನಿಂದ ದಪ್ಪು ಕಾಸೂದು ನನ್ನ ಕೆಲಸ. ರಾತ್ರಿ ಥಂಡಿಗೆ ದಪ್ಪಿನ ತೊಗಲು ಸಡಲಾಗುತ್ತದೆ. ಕಸಕಡ್ಡಿ ಉರಿಸಿ ಕಾಸಬೇಕು. ಕಡಿಮೆ ಕಾಸಿದರೆ ದನಿ ಏಳೂದಿಲ್ಲ, ಹೆಚ್ಚು ಕಾಸಿದರೆ ತೊಗಲು ಹರಿಯುತ್ತದೆ. ಒಂದು ವರ್ಷ ಅದನ್ನೇ ಮಾಡಿದೆ. ಆಮೇಲೆ ತುಂತುಣಿ, ಆಮೇಲೆ ಹಿಮ್ಮೇಳದಲ್ಲಿ ದನಿ ಹಿಡಿಯೂದು. ಬೆಂಕಿ ಮುಂದೆ ಕೂತು ಕೇಳಿದ ಪದಗಳೇ ಇವತ್ತಿಗೂ ನನ್ನ ಬಾಯಲ್ಲಿ ಇವೆ.

ಬೆಳಗಾಗುವ ಹೊತ್ತಿಗೆ ಒಂದು ಮಾತು ಹೊಳೆಯಿತು. ಗುರುತಿಲ್ಲದ ಮೂವತ್ತೆರಡು ಬಾಗಿಲು ಬಡಿದೆವು, ಗುರುತಿದ್ದ ಒಂದು ಬಾಗಿಲನ್ನೂ ಬಡಿದಿಲ್ಲ.

ನಮ್ಮದು ಎರಡು ಎಕರೆ ದ್ರಾಕ್ಷಿ. ಹಣ್ಣು ಮಾರೂದಿಲ್ಲ, ಬೇದಾಣೆ ಮಾಡುತ್ತೇವೆ, ಅಂದರೆ ಒಣದ್ರಾಕ್ಷಿ. ಫೆಬ್ರುವರಿ-ಮಾರ್ಚಿನಲ್ಲಿ ಕೊಯ್ದು, ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಷಿಯಂ ಕಾರ್ಬೊನೇಟ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಯ ಮೇಲೆ ಹರವಿ, ಹದಿನೈದು ಇಪ್ಪತ್ತು ದಿನ ನೆರಳಲ್ಲಿ ಒಣಗಿಸೂದು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಬೇದಾಣೆ. ಅದನ್ನು ತಾಸಗಾಂವಕ್ಕೆ ಒಯ್ದು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು, ದರ ಬಂದಾಗ ಸೌದಾದಲ್ಲಿ ಮಾರುತ್ತೇವೆ. ಸಾಂಗ್ಲಿ ಜಿಲ್ಲೆಯ ಬೇದಾಣೆಗೆ ಜಿ.ಐ. ಗುರುತೂ ಸಿಕ್ಕೈತಿ. ಆ ಸ್ಟೋರೇಜಿಗೆ ನಾನು ಹನ್ನೆರಡು ವರ್ಷದಿಂದ ಮಾಲು ಹಾಕುತ್ತಿದ್ದೇನೆ. ಅಲ್ಲಿ ತೂಕ ಐತಿ, ಯಂತ್ರ ಐತಿ, ಗಂಧಕದ ಹೊಗೆ ಐತಿ, ಥಂಡಿ ಖೋಲಿ ಐತಿ. ರಸಾಯನಶಾಸ್ತ್ರ ಕಲಿಯುವ ಹುಡುಗಿಗೆ ಕಲಿಯಲು ಬೇಕಾದ್ದೆಲ್ಲ ಅಲ್ಲಿ ಐತಿ ಅಂತ ನನಗೆ ಹನ್ನೆರಡು ವರ್ಷ ಹೊಳೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ. ಇಂಟರ್ನ್‌ಶಿಪ್ ಅಂದರೆ ಕಾಜಿನ ಬಾಗಿಲಿನ ಕಚೇರಿ ಅಂತ ಇಬ್ಬರೂ ತಿಳಿದಿದ್ದೆವು.

ಮಾರ್ಚಿನಲ್ಲಿ ಮಾಲಿನ ಟೆಂಪೋದಲ್ಲೇ ನಾನು ತಾಸಗಾಂವಕ್ಕೆ ಹೋದೆ. ಅವಳು ಸಾಂಗ್ಲಿಯಿಂದ ಬಂದಳು, ಕಾಲೇಜಿನ ಪತ್ರ ಇಸಿದುಕೊಂಡು ಬಂದಿದ್ದಳು. ದಾರಿಯುದ್ದಕ್ಕೂ ನನಗೆ ಒಂದು ನಾಚಿಕೆ. ಇಷ್ಟು ವರ್ಷ ಆ ಬಾಗಿಲಿಗೆ ಮಾಲಿನ ಒಡೆಯನಾಗಿ ಹೋಗಿದ್ದೆ, ಇವತ್ತು ಬೇಡುವವನಾಗಿ ಹೋಗುತ್ತಿದ್ದೆ.

ದಿವಾಣಜಿ ಕೇಳುತ್ತಲೇ, "ಇಲ್ಲಿ ಕಾಲೇಜಿನ ಹುಡುಗರಿಗೆ ಏನು ಕೆಲಸ?" ಅಂದ. ನಾನು ಬಿಡಲಿಲ್ಲ, ಮಾಲಕರ ಖೋಲಿಗೆ ಹೋದೆ. "ನಮ್ಮ ಹುಡುಗಿ ಭಾಳ ಶಾಣ್ಯಾ, ಸಾಲ್ಯಾಗ ಯಾವಾಗ್ಲೂ ಮೊದಲನೇ ನಂಬರು" ಅಂತ ಸುರು ಮಾಡಿದೆ. ಮಾಲಕರು ನನ್ನ ಮುಖ ನೋಡುತ್ತಿದ್ದರು, ಅವಳ ಮುಖ ನೋಡುತ್ತಿರಲಿಲ್ಲ. ಆಗ ಮೊಮ್ಮಗಳು ಮೆಲ್ಲಗೆ ಕನ್ನಡದಲ್ಲಿ, "ಮುತ್ಯಾ, ನೀ ಹೊರಗ ಹೋಗಿ ಚಾ ಕುಡದು ಬಾ" ಅಂದಳು.

ಹೊರಗೆ ಹಮಾಲರ ಜೊತೆ ಕೂತೆ. ಸಿಟ್ಟೂ ಬಂತು, ಅಂಜಿಕೆಯೂ ಬಂತು. ನಾನು ಮೊದಲ ಸಲ ಮುಂದೆ ನಿಂತು ಹಾಡಿದ ರಾತ್ರಿ ನಮ್ಮ ಹಿರಿಯರು ಹಿಂದೆ ಸರಿದು ಕೂತಿದ್ದರು. ನಾನು ಒಂದು ನುಡಿ ಮರೆತು ನಿಂತಾಗಲೂ ಬಾಯಿ ತೆರೆಯಲಿಲ್ಲ. ಅವರಿಗೆ ಆಗ ಹೊಟ್ಟೆಯಲ್ಲಿ ಏನಾಗಿತ್ತು ಅಂತ ಅವತ್ತು ತಾಸಗಾಂವದಲ್ಲಿ ಗೊತ್ತಾಯಿತು.

ಅರ್ಧ ತಾಸಿಗೆ ಹೊರಗೆ ಬಂದಳು. ಒಳಗೆ ಏನಾಯಿತು ಅಂತ ಬಸ್ ಸ್ಟ್ಯಾಂಡಿನಲ್ಲಿ ಹೇಳಿದಳು. ತನಗೆ ಏನು ಬರುತ್ತದೆ ಅಂತ ಹೇಳುವ ಮೊದಲು, "ನಿಮಗೆ ಇಲ್ಲಿ ಯಾವ ಕೆಲಸಕ್ಕೆ ಜನ ಸಾಲದು?" ಅಂತ ಕೇಳಿದಳಂತೆ. ಮಾಲಕರು, ಮಾಲಿನ ಹಸಿಯ ಬಗ್ಗೆ ರೈತರ ಜೊತೆ ಯಾವಾಗಲೂ ತಕರಾರು, ಬಂದ ದಿನದ ಹಸಿ ಎಷ್ಟಿತ್ತು ಅಂತ ಸರಿಯಾಗಿ ಬರೆದಿಡುವವರು ಇಲ್ಲ ಅಂದರಂತೆ. "ಹದಿನೈದು ದಿನ ಪ್ರತಿ ಲಾಟಿನ ಮಾದರಿ ತೆಗೆದು ಅಳೆದು ನಾನು ಬರೆದಿಡುತ್ತೇನೆ" ಅಂದಳಂತೆ, ಹರಕು ಮುರುಕು ಮರಾಠಿಯಲ್ಲೇ. "ಪಗಾರ ಇಲ್ಲ" ಅಂದರು. "ಇರಲಿ, ಆದರೆ ಕೊನೆಗೆ ನಾನು ಮಾಡಿದ ಕೆಲಸ, ತಾಸು ಎರಡನ್ನೂ ಬರೆದ ಪತ್ರ ಬೇಕು" ಅಂದಳು. ಮಾಲಕರು ಒಪ್ಪಿದರು.

ಮನೆಯಲ್ಲಿ ಇನ್ನೊಂದು ತಕರಾರು ಎದ್ದಿತು. "ಹುಡುಗಿ ಒಬ್ಬಾಕಿ ಗೋಡಾವನ್ನಾಗ ಹೆಂಗ ಕೆಲಸ ಮಾಡ್ತಾಳ್ರಿ ಮಾವಾರ?" ಅಂತ ಸೊಸಿ ಅತ್ತಳು. ತಪ್ಪು ಅನ್ನಲಿಕ್ಕೆ ಬರೂದಿಲ್ಲ, ತಾಯಿ ಕರುಳು. ಏಪ್ರಿಲ್‌ನಲ್ಲಿ ಸೊಸಿಯನ್ನೇ ಕರಕೊಂಡು ಹೋಗಿ ಜಾಗಾ ತೋರಿಸಿದೆ. ಅಲ್ಲಿ ಬೇದಾಣೆ ಆರಿಸುವ ಹೆಣ್ಣುಮಕ್ಕಳು ಇಪ್ಪತ್ತು ಮೂವತ್ತು ಮಂದಿ. ಇಬ್ಬರು ನಮ್ಮ ಕಡೆಯವರು, ಕನ್ನಡ ಮಾತಾಡಿದರು. ಸೊಸಿಗೆ ಸಮಾಧಾನ ಆಯಿತು. ಕಾಲೇಜಿನ ಪತ್ರ ತೋರಿಸಿದ್ದಕ್ಕೆ ಹಾಸ್ಟೆಲಿನವರು ಸೂಟಿಯಲ್ಲೂ ಇರಲು ಬಿಟ್ಟರು. ಸಾಂಗ್ಲಿಯಿಂದ ತಾಸಗಾಂವಕ್ಕೆ ದಿನಾ ಬಸ್ಸು.

ಮೇ ತಿಂಗಳಲ್ಲಿ ಪರೀಕ್ಷೆ ಮುಗಿಸಿ ಕೆಲಸಕ್ಕೆ ನಿಂತಳು. ಹೊರಗೆ ಉರಿ ಬಿಸಿಲು, ಇವಳ ಮೈಮೇಲೆ ಸ್ವೆಟರು, ಯಾಕಂದರೆ ಒಳಗೆ ಥಂಡಿ 4-5 ಡಿಗ್ರಿ. ಮೊದಲ ನಾಲ್ಕು ದಿನ ಬಾಕ್ಸಿನ ನಂಬರು ಬರೆಯೂದನ್ನು ಬಿಟ್ಟು ಏನೂ ಕೊಡಲಿಲ್ಲ. ಫೋನಿನಲ್ಲಿ ಬ್ಯಾಸರ ಮಾಡಿಕೊಂಡಳು. "ದಪ್ಪು ಕಾಸವಾ, ಕಾಸಕೋತ ಕೇಳು" ಅಂದೆ. ಐದನೇ ದಿನ ಆರಿಸುವ ಹೆಣ್ಣುಮಗಳೊಬ್ಬಳು ಅವಳಿಗೆ ಮುಷ್ಟಿ ಪರೀಕ್ಷೆ ಕಲಿಸಿದಳು. ಒಂದು ಹಿಡಿ ಬೇದಾಣೆ ಗಟ್ಟಿಯಾಗಿ ಹಿಸುಕಿ ಕೈ ಬಿಚ್ಚಬೇಕು. ಬಿಡಿಬಿಡಿಯಾಗಿ ಉದುರಿದರೆ ಒಣಗಿದ ಮಾಲು, ಮುದ್ದಿಯಾಗಿ ಕೂತರೆ ಹಸಿ. ಇವಳು ಅದೇ ಮಾಲನ್ನು ಯಂತ್ರದಲ್ಲಿ ಇಟ್ಟು ನೋಡುತ್ತಿದ್ದಳು. ನೂರಕ್ಕೆ 15ರ ಆಸುಪಾಸು ಇದ್ದರೆ ಚಲೋ. ಮುಷ್ಟಿಯ ಅಂದಾಜು ಮತ್ತು ಯಂತ್ರದ ಅಂಕಿ ಎರಡನ್ನೂ ಅಕ್ಕಪಕ್ಕ ಬರೆದಳು. ದಿನದ ಕೊನೆಗೆ ಹಾಸ್ಟೆಲಿಗೆ ಹೋಗಿ ಮೊದಲು ಕನ್ನಡದಲ್ಲಿ ಡೈರಿ, ಆಮೇಲೆ ಅದನ್ನೇ ಇಂಗ್ಲಿಷಿಗೆ ಮಾಡಿ ಕಾಲೇಜಿನ ವರದಿ.

ಒಂದು ಸಂಜೆ ಫೋನ್ ಮಾಡಿ, "ಮುತ್ಯಾ, ಇವತ್ತು ನಮ್ಮ ಲಾಟ್ ನೋಡಿದೆ. ನೂರಕ್ಕ 18 ಬಂತು" ಅಂದಳು.

ಇದನ್ನು ಬರೆಯಲು ನನಗೆ ಸ್ವಲ್ಪ ಕಷ್ಟ ಐತಿ. ನಮ್ಮ ಮಾಲಿಗೆ ಪ್ರತಿ ವರ್ಷ ಕಿಲೋಕ್ಕೆ ಹತ್ತು ಹದಿನೈದು ರೂಪಾಯಿ ಕಡಿಮೆ ದರ ಕಟ್ಟುತ್ತಿದ್ದರು. ನಮ್ಮ ಕಡೆಯವರಿಗೆ ಬೇಕಂತಲೇ ಮೋಸ ಮಾಡುತ್ತಾರೆ ಅಂತ ನಾನು ನಂಬಿದ್ದೆ. ವ್ಯಾಪಾರಸ್ಥರನ್ನು ಬೈದು ಒಂದು ಪದವನ್ನೂ ಕಟ್ಟಿದ್ದೆ. ಜಾತ್ರೆಯಲ್ಲಿ ಹಾಡಿದರೆ ಜನ ಶಿಳ್ಳೆ ಹೊಡೆಯುತ್ತಿದ್ದರು. ನಿಜ ಏನಂದರೆ, ಮಾರ್ಚಿನಲ್ಲಿ ಮೋಡ ಕಂಡ ಕೂಡಲೇ ಅಂಜಿ ನಾನು ಎರಡು ದಿನ ಮೊದಲೇ ಶೆಡ್ಡಿನಿಂದ ಮಾಲು ತೆಗೆಯುತ್ತಿದ್ದೆ. ವ್ಯಾಪಾರಸ್ಥರು ಎಲ್ಲರೂ ಸಂತರು ಅಂತ ನಾನು ಹೇಳೂದಿಲ್ಲ. ಆದರೆ ನನ್ನ ಮಾಲು ಹಸಿ ಇತ್ತು. ಆ ಪದಕ್ಕೆ ಈಗ ನನ್ನನ್ನೇ ಬೈಯುವ ನುಡಿ ಒಂದು ಹೆಚ್ಚಿಗೆ ಕಟ್ಟಿ ಹಾಡುತ್ತೇನೆ. 1,500 ಕೊಟ್ಟು ಪತ್ರ ತಂದಿದ್ದರೆ ಈ ಸುದ್ದಿ ನನಗೆ ಸಾಯೂತನಕ ಗೊತ್ತಾಗುತ್ತಿರಲಿಲ್ಲ.

120 ತಾಸು ತುಂಬಿದವು. ಮಾಲಕರು, "ಇನ್ನೂ ಒಂದು ತಿಂಗಳು ಇರು, ಕೆಲಸ ಚೆನ್ನಾಗಿ ಮಾಡುತ್ತೀ" ಅಂದರು. ಅವಳು ನನ್ನನ್ನು ಕೇಳಿದಳು. "ಇರವಾ, ಅವರು ಅನಕೂಲ ಮಾಡಿಕೊಟ್ಟಾರ, ಇಲ್ಲ ಅನಬ್ಯಾಡ" ಅಂದೆ. ಅವಳು ಇರಲು ಒಪ್ಪಿದಳು, ಆದರೆ ನನಗೆ ಹೇಳದೆ ಮಾಲಕರಿಗೆ, "ಹದಿನೈದು ದಿನ ಕಲಿಯಲು ಬಂದಿದ್ದೆ, ಪಗಾರ ಕೇಳಲಿಲ್ಲ. ಈಗ ಕೆಲಸ ಬರುತ್ತದೆ, ಇನ್ನು ಮುಂದೆ ಪಗಾರ ಕೊಡಿರಿ" ಅಂದಳಂತೆ. ಕೇಳಿ ನನ್ನ ಎದೆ ಝಲ್ ಅಂತು. ಮಾಲು ಇಡುವ ಜಾಗಾ, ನಾಳೆ ಮುಖ ಹೆಂಗ ತೋರಿಸೂದು ಅಂತ. ಮಾಲಕರು ಒಂದು ದಿನ ವಿಚಾರ ಮಾಡಿ ದಿನಕ್ಕೆ 250 ರೂಪಾಯಿ ಕೊಡಲು ಒಪ್ಪಿದರು. 25 ದಿನ ಮಾಡಿದಳು, 6,250 ರೂಪಾಯಿ.

ಆಮೇಲೆ ಕೂತು ವಿಚಾರ ಮಾಡಿದೆ. ಮೇಳದಲ್ಲಿ ದಪ್ಪು ಕಾಸುವಾಗ ನನಗೆ ಊಟ ಮಾತ್ರ ಇತ್ತು. ಹಿಮ್ಮೇಳದಲ್ಲಿ ನಿಂತ ದಿನದಿಂದ ಹಿರಿಯರು ತಾವಾಗಿ ಪಾಲು ಕೊಟ್ಟರು. ಕಲಿಯುವ ಹೊತ್ತು ಬೇರೆ, ದುಡಿಯುವ ಹೊತ್ತು ಬೇರೆ. ಹಿರಿಯರು ಅದನ್ನು ಗುರುತಿಸದಿದ್ದರೆ ಕಿರಿಯರು ಬಾಯಿ ಬಿಟ್ಟು ಕೇಳಬೇಕು. ಕಲಿಸುವ ಹೆಸರಿನಲ್ಲಿ ಮಕ್ಕಳನ್ನು ತಿಂಗಳುಗಟ್ಟಲೆ ಪುಕ್ಕಟೆ ದುಡಿಸಿಕೊಳ್ಳುವವರೂ ಇರುತ್ತಾರೆ.

ಈಗ ಊರ ಹುಡುಗರು ನನ್ನ ಹತ್ತಿರ ಬಂದು ಕೇಳುತ್ತಾರೆ. ನಾನು ಕಂಡಷ್ಟು ಹೇಳುತ್ತೇನೆ. ಸಂಕ್ರಮಣಕ್ಕೇ ಹುಡುಕಲು ಹತ್ತಿರಿ, ಪರೀಕ್ಷೆಯ ಹೊತ್ತಿಗೆ ಹುಡುಕಿದರೆ ಜಾಗಾ ಉಳಿದಿರೂದಿಲ್ಲ. ಪತ್ರ ಕಳಿಸೂದೂ ಇರಲಿ, ಜೊತೆಗೆ ನಿಮ್ಮ ಅಪ್ಪ, ಕಾಕಾ, ಮಾವ ಯಾವ ಯಾವ ಬಾಗಿಲಿಗೆ ವರ್ಷಾ ಹೋಗುತ್ತಾರೆ ಅಂತ ಮನೆಯಲ್ಲಿ ಕೂತು ಬರೆಯಿರಿ. ಹಾಲಿನ ಡೇರಿ, ಸಕ್ಕರೆ ಕಾರಖಾನೆ, ಔಷಧದ ಅಂಗಡಿ, ವಕೀಲರ ಕಚೇರಿ, ಪಂಚಾಯತಿ, ಮಣ್ಣು ಪರೀಕ್ಷೆಯ ಜಾಗಾ. ಆ ಕೆಲಸ ನಿಮ್ಮ ವಿಷಯಕ್ಕೆ ಹೊಂದುತ್ತದೋ ಇಲ್ಲೋ, ಮೊದಲು ಕಾಲೇಜಿನಲ್ಲಿ ಕೇಳಿಕೊಳ್ಳಿರಿ. ಕಾಲೇಜಿನ ಪತ್ರ ಕೈಯಲ್ಲಿ ಹಿಡಿದು ಹೋಗಿರಿ. ಅಲ್ಲಿ ಯಾವ ಕೆಲಸಕ್ಕೆ ಜನ ಸಾಲದು ಅಂತ ಕೇಳಿರಿ. ರೊಕ್ಕ ಕೇಳಿದವನಿಗೆ ನಮಸ್ಕಾರ ಮಾಡಿ ಎದ್ದು ಬನ್ನಿರಿ. ದಿನಾ ಬರೆದಿಡಿರಿ. ಹಿರಿಯರಿಗೆ ಒಂದು ಮಾತು: ಬಾಗಿಲ ತನಕ ಕರಕೊಂಡು ಹೋಗ್ರಿ, ಒಳಗೆ ಹೋದ ಮೇಲೆ ನೀವು ಮಾತಾಡಬ್ಯಾಡ್ರಿ.

ನಮ್ಮ ವಾಚನಾಲಯದವರ ಮುಂದೆ ಒಂದು ಮಾತು ಇಟ್ಟಿದ್ದೆ, ಅವರು ಮಾಡಿದ್ದಾರೆ. ಬಾಗಿಲ ಹತ್ತಿರ ಮೊಳೆಗೆ ಒಂದು ವಹಿ ತೂಗು ಹಾಕಿದ್ದಾರೆ. ನಮ್ಮೂರವರು, ನಮ್ಮೂರಿಂದ ಹೊರಗೆ ಹೋಗಿ ನೌಕರಿ, ವ್ಯಾಪಾರ ಮಾಡುವವರು ಯಾರು ಯಾವ ಕೆಲಸ ಕಲಿಸಬಲ್ಲರು ಅಂತ ಅದರಲ್ಲಿ ಬರೆಯೂದು. ಇವತ್ತಿಗೆ ಹನ್ನೊಂದು ಹೆಸರು ಆಗಿವೆ. ವಿಜಯಪುರದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ನಮ್ಮ ಹುಡುಗ ಬರೆಸಿದ್ದಾನೆ. ಮಿರಜದ ಆಸ್ಪತ್ರೆಯಲ್ಲಿ ನರ್ಸ್ ಇರುವ ಹೆಣ್ಣುಮಗಳು ಬರೆಸಿದ್ದಾಳೆ.

ಮೊದಲನೇ ಹಾಳೆಯಲ್ಲಿ ನನ್ನ ಹೆಸರು ಐತಿ. ಕೆಲಸ: ಗೀಗೀ ಪದ, ತುಂತುಣಿ, ದಪ್ಪು ಕಾಸೂದು. ವ್ಯಾಳ್ಯಾ: ಸಂಜಿ ಏಳರ ನಂತರ. ಪಗಾರ ಇಲ್ಲ, ಊಟ ನಮ್ಮ ಮನ್ಯಾಗ. ಶಿಕ್ಕಾ ಮಾತ್ರ ಇನ್ನೂ ಮಾಡಿಸಿಲ್ಲ.